ಪಿಎಚ್‌.ಡಿ. ಪ್ರವೇಶದ ಉತ್ತರಕ್ಕೆ ಕಾಯುವ ಈ ದಿನಗಳನ್ನು ಹೇಗೆ ಕಳೆಯಬೇಕು?

ಪ್ರಶ್ನೆ: ಸಪ್ತಾಪುರದ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿ ಓದುತ್ತಿದ್ದೇನೆ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರವೇಶಕ್ಕೆ ಡಿಸೆಂಬರ್ ತಿಂಗಳಲ್ಲಿ ಅರ್ಜಿ ಹಾಕಿದ್ದೆ. ಜನವರಿ ಕೊನೆಗೆ ಎರಡು ಕಡೆಯ ಪ್ರಾಧ್ಯಾಪಕರು ವಿಡಿಯೊ ಸಂದರ್ಶನ ಮಾಡಿದರು, ನನ್ನ ಕೆಲಸದ ಬಗ್ಗೆ ಆಸಕ್ತಿಯಿಂದಲೇ ಕೇಳಿದರು. ಆಮೇಲೆ ಸುದ್ದಿಯೇ ಇಲ್ಲ. ಈಗ ಮಾರ್ಚ್ ಮೂರನೆಯ ವಾರ. ಒಂದು ವಿಶ್ವವಿದ್ಯಾಲಯ ಪ್ರವೇಶವಿಲ್ಲವೆಂದು ತಿಳಿಸಿದೆ. ಉಳಿದವುಗಳ ಪೋರ್ಟಲ್ ತೆರೆದರೆ ‘ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಸಾಲು ಇದ್ದಲ್ಲೇ ಇದೆ.

ಅಮೆರಿಕದ ಹಗಲು ನಮಗೆ ರಾತ್ರಿಯಾದ್ದರಿಂದ ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತೇನೆ. ಅದು ಗುಂಯ್ ಎಂದ ಕೂಡಲೇ ಎದ್ದು ನೋಡಿದರೆ ಬ್ಯಾಂಕಿನ ಸಂದೇಶವೋ ಅಂಗಡಿಯ ಜಾಹೀರಾತೋ ಆಗಿರುತ್ತದೆ, ಆದರೆ ಹೋದ ನಿದ್ದೆ ಮರಳಿ ಬರುವುದಿಲ್ಲ. ಅರ್ಜಿದಾರರು ತಮ್ಮ ಫಲಿತಾಂಶ ಹಂಚಿಕೊಳ್ಳುವ ಜಾಲತಾಣದಲ್ಲಿ, ನಾನು ಅರ್ಜಿ ಹಾಕಿದ ವಿಭಾಗದಿಂದಲೇ ಇನ್ನೊಬ್ಬರಿಗೆ ಪ್ರವೇಶ ಸಿಕ್ಕಿದ್ದನ್ನು ಓದಿದ ದಿನ ಪ್ರಯೋಗಾಲಯದಲ್ಲಿ ಕೈ ಓಡಲಿಲ್ಲ. ನಮ್ಮ ಊರು ಬ್ಯಾಡಗಿಯ ಹತ್ತಿರ. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಿಂದ ಮನೆಗೆ ಬಂದವರೇ ಫೋನ್ ಮಾಡಿ, “ಏನಾರ ಸುದ್ದಿ ಬಂತೇನವ್ವಾ?” ಎಂದು ಕೇಳುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೂ ಆ ಕರೆ ಬರುವ ಹೊತ್ತಾಯಿತೆಂದರೆ ಎದೆ ಡವಗುಟ್ಟುತ್ತದೆ. ಈ ಮೌನಕ್ಕೆ ನಿರಾಕರಣೆ ಎಂದೇ ಅರ್ಥವೇ? ನಾನಾಗಿಯೇ ಬರೆದು ಕೇಳಬಹುದೇ? ಈ ಹಂತ ದಾಟಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ: ಗದಗದ ಸಂಶೋಧಕ

ತಂಗೀ, ಮೌನಕ್ಕೆ ನಿರಾಕರಣೆ ಎಂಬ ಒಂದೇ ಅರ್ಥವಿಲ್ಲ. ಅಲ್ಲಿನ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದು ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ ಎಂಬುದು ನನ್ನ ನಂಬಿಕೆ, ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಿಮ್ಮಂಥ ವಿಷಯಗಳಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಗೆ ಪ್ರವೇಶ ಕೊಡುವುದೆಂದರೆ ಸಾಮಾನ್ಯವಾಗಿ ವರ್ಷಗಟ್ಟಲೆ ಸಂಬಳ ಮತ್ತು ಶುಲ್ಕದ ಹೊಣೆ ಹೊರುವುದೆಂದೇ ಅರ್ಥ. ಆ ಹಣ ಪ್ರಾಧ್ಯಾಪಕರ ಸಂಶೋಧನಾ ಅನುದಾನದಿಂದಲೋ ವಿಭಾಗದ ಬೋಧನಾ ಸಹಾಯಕ ಹುದ್ದೆಗಳಿಂದಲೋ ಬರಬೇಕು. ಆದ್ದರಿಂದ ಸಂದರ್ಶನ ಮಾಡಿದವರು ಮನಸ್ಸಿನಲ್ಲಿ ಒಪ್ಪಿದ್ದರೂ ವಿಭಾಗದ ಸಮಿತಿ ಕೂಡಿ, ಹಣದ ಲೆಕ್ಕ ಕುದುರಿ, ಸ್ನಾತಕೋತ್ತರ ಅಧ್ಯಯನದ ಕಚೇರಿ ಅಧಿಕೃತ ಪತ್ರ ಹೊರಡಿಸುವವರೆಗೆ ಅವರು ಬಾಯಿ ಬಿಡುವಂತಿಲ್ಲ. 2025ರಲ್ಲಿ ಸರ್ಕಾರಿ ಅನುದಾನದ ಅನಿಶ್ಚಿತತೆಯಿಂದಾಗಿ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಪಿಎಚ್‌.ಡಿ. ಪ್ರವೇಶಗಳನ್ನು ಕಡಿಮೆ ಮಾಡಿದವು, ಕೆಲವು ಕಡೆ ತಡೆಹಿಡಿದವು. ಅಂಥ ಕಾರಣಗಳಿಗೂ ನಿಮ್ಮ ಯೋಗ್ಯತೆಗೂ ಸಂಬಂಧವಿರುವುದಿಲ್ಲ.

ಇನ್ನು ಏಪ್ರಿಲ್ 15ರ ಗಡುವಿನ ಮಾತು. ಕೌನ್ಸಿಲ್ ಆಫ್ ಗ್ರ್ಯಾಜುಯೇಟ್ ಸ್ಕೂಲ್ಸ್ ಎಂಬ ಒಕ್ಕೂಟದ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು, ಆರ್ಥಿಕ ನೆರವಿನೊಂದಿಗೆ ಪ್ರವೇಶ ಪಡೆದ ವಿದ್ಯಾರ್ಥಿಯನ್ನು ಆ ದಿನಾಂಕಕ್ಕಿಂತ ಮೊದಲೇ ಉತ್ತರ ಕೊಡುವಂತೆ ಒತ್ತಾಯಿಸುವುದಿಲ್ಲ. ಇದರಿಂದ ಮೊದಲ ಸುತ್ತಿನಲ್ಲಿ ಆಯ್ಕೆಯಾದವರು, ಅವರಲ್ಲೂ ನಾಲ್ಕೈದು ಕಡೆ ಪ್ರವೇಶ ಸಿಕ್ಕವರು, ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸದೆ ಸೀಟುಗಳನ್ನು ಹಿಡಿದುಕೊಂಡಿರುತ್ತಾರೆ. ಅವರು ಬಿಟ್ಟುಕೊಟ್ಟಂತೆಲ್ಲ ಕಾಯುವ ಪಟ್ಟಿ ಮುಂದೆ ಸರಿಯುತ್ತದೆ. ಮಾರ್ಚ್ ಕೊನೆಯಿಂದ ಏಪ್ರಿಲ್ 15ರವರೆಗೆ, ಕೆಲವೊಮ್ಮೆ ಅದರ ನಂತರದ ದಿನಗಳಲ್ಲೂ, ಈ ಚಲನೆ ಇರುತ್ತದೆ. ನೀವು ಅರ್ಜಿ ಹಾಕಿದ ವಿಭಾಗದಿಂದ ಇನ್ನೊಬ್ಬರಿಗೆ ಪತ್ರ ಹೋಗಿದೆ ಎಂದರೆ ಮೊದಲ ಸುತ್ತು ಹೊರಟಿದೆ ಎಂದಷ್ಟೇ ತಿಳಿಯಿರಿ. ಸಂದರ್ಶನವಾದ ಮೇಲೂ ನಿರಾಕರಿಸದೆ ಇಟ್ಟುಕೊಂಡ ಅರ್ಜಿಗಳಲ್ಲಿ ಕೆಲವು ಆ ಕಾಯುವ ಪಟ್ಟಿಯಲ್ಲಿರುತ್ತವೆ. ಸಿಗುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ, ಮುಗಿಯಿತು ಎಂದುಕೊಳ್ಳಲು ಮಾತ್ರ ಇನ್ನೂ ಕಾರಣವಿಲ್ಲ.

ಬರೆದು ಕೇಳಬಹುದು. ಪ್ರಾಧ್ಯಾಪಕರಿಗಿಂತ ಮೊದಲು ವಿಭಾಗದ ಪ್ರವೇಶ ಸಂಯೋಜಕರಿಗೆ ಬರೆಯಿರಿ, ಅದು ಅವರ ಕೆಲಸವೇ ಆಗಿದೆ. ಮತ್ತು ದಯವಿಟ್ಟು ಫೋನನ್ನು ದಿಂಬಿನಿಂದ ದೂರವಿಡಿ. ಈಗಿನ ಲೆಕ್ಕದಲ್ಲಿ ಪೂರ್ವ ಕರಾವಳಿಯ ಕಚೇರಿಗಳು ನಮ್ಮ ಸಂಜೆ ಆರೂವರೆಯಿಂದ ರಾತ್ರಿ ಎರಡೂವರೆಯವರೆಗೆ, ಕ್ಯಾಲಿಫೋರ್ನಿಯಾದವು ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಐದೂವರೆಯವರೆಗೆ ನಡೆಯುತ್ತವೆ. ಬೆಳಿಗ್ಗೆ ಆರಕ್ಕೆ ಒಮ್ಮೆ ನೋಡಿದರೆ ಅಂದಿನ ಟಪಾಲೆಲ್ಲ ಬಂದಿರುತ್ತದೆ, ಸಂಜೆಯವರೆಗೆ ಮತ್ತೆ ನೋಡುವ ಅಗತ್ಯವೇ ಇಲ್ಲ. ಪ್ರವೇಶದ ಪತ್ರಕ್ಕೆ ನಡುರಾತ್ರಿಯಲ್ಲೇ ಉತ್ತರಿಸಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ.

ಉತ್ತರ: ಧಾರವಾಡದ ಸಂಶೋಧನಾ ವಿದ್ಯಾರ್ಥಿ

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಆತಂಕ ಇಷ್ಟು ಹೆಚ್ಚುವುದು ಇಡೀ ಬದುಕು ಒಂದೇ ಪತ್ರದ ಮೇಲೆ ನಿಂತಿದೆ ಎನ್ನಿಸಿದಾಗ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯ ಜೀವವಿಜ್ಞಾನ ಪತ್ರಿಕೆಗೆ ನೀವು ಈಗಲೇ ಓದಲು ಕುಳಿತರೆ ಎರಡನೆಯ ದಾರಿಯೂ ತೆರೆದಿರುತ್ತದೆ. ಆ ಪರೀಕ್ಷೆಯಿಂದ ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ದೊರೆತರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಸಿಗುತ್ತದೆ. ಇದನ್ನು ಕೈಗೆಟುಕದ್ದಕ್ಕೆ ಬದಲಿಯೆಂದು ಕೀಳಾಗಿ ಕಾಣಬೇಡಿ, ಒಳ್ಳೆಯ ಮಾರ್ಗದರ್ಶಕರು ಸಿಕ್ಕರೆ ಇಲ್ಲಿಯೂ ಗಟ್ಟಿ ಕೆಲಸ ಮಾಡಬಹುದು.

ಸಪ್ತಾಪುರದ ಓದುವ ಕೋಣೆಗಳಲ್ಲಿ ನಿಮ್ಮ ಸುತ್ತ ಕುಳಿತವರನ್ನೂ ಒಮ್ಮೆ ನೋಡಿ. ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆ ಬರೆದು ಅಂತಿಮ ಪಟ್ಟಿಗಾಗಿ ಕಾಯುತ್ತಿರುವ ಎಷ್ಟೋ ಜನರು ಮುಂದಿನ ಅಧಿಸೂಚನೆಗೆ ಓದುವುದನ್ನು ಬಿಟ್ಟಿರುವುದಿಲ್ಲ. ಕಾಯುವಾಗಲೂ ದಿನಚರಿ ಕೆಡದಂತೆ ನೋಡಿಕೊಳ್ಳುವುದನ್ನು ನಾನು ಕಲಿತದ್ದು ಅವರಿಂದಲೇ.

ನಿಮ್ಮ ಪ್ರಬಂಧದ ಕೆಲಸವೂ ಇದೆಯಲ್ಲ? ಮನಸ್ಸು ಬರವಣಿಗೆಗೆ ಒಗ್ಗದ ದಿನ ಹರ್ಬೇರಿಯಂ ಹಾಳೆಗಳನ್ನು (ಒಣಗಿಸಿದ ಗಿಡಗಳ ಸಂಗ್ರಹದ ಹಾಳೆಗಳನ್ನು) ತೆಗೆದುಕೊಳ್ಳಿ. ಒತ್ತಿಟ್ಟ ಗಿಡದ ಒದ್ದೆ ಕಾಗದ ಬದಲಿಸಿ, ಮುದುಡಿದ ಎಲೆಯೊಂದನ್ನು ಚಿಮಟದಿಂದ ಬಿಡಿಸಿ, ಒಂದಾದರೂ ಎಲೆಯ ಹಿಂಬದಿ ಕಾಣುವಂತೆ ಮಗುಚಿ, ಚೀಟಿಯಲ್ಲಿ ಸ್ಥಳ, ದಿನಾಂಕ, ಹೂವಿನ ಬಣ್ಣ ಬರೆಯುವ ಹೊತ್ತಿನಲ್ಲಿ ಬೇರೆ ಯೋಚನೆಗೆ ಜಾಗವಿರುವುದಿಲ್ಲ. ಮುತ್ತುಗ ಹೂಬಿಡುವ ಕಾಲವಿದು; ಹೊರಗೆ ಹೋಗಿ ಬರಲು ನೆಪವೂ ಆಗುತ್ತದೆ.

ಉತ್ತರ: ನಿವೃತ್ತ ಉಪನ್ಯಾಸಕಿ, ಹಾವೇರಿ

ಮಗಳೇ, ತಂದೆಯವರ ಫೋನಿನ ಬಗ್ಗೆ ಮಾತ್ರ ಬರೆಯುತ್ತೇನೆ, ಉಳಿದದ್ದನ್ನು ತಿಳಿದವರು ಹೇಳಿದ್ದಾರೆ. ಅವರಿಗೆ ಏಪ್ರಿಲ್ 15ರ ಕಥೆಯನ್ನು ನಿಮ್ಮ ಮಾತಿನಲ್ಲೇ ಬಿಡಿಸಿ ಹೇಳಿ. ಟೆಂಡರ್ ಆದ ಮೇಲೂ ದರ ಒಪ್ಪದಿದ್ದರೆ ಮಾಲು ಉಳಿಯುತ್ತದೆ ಎಂಬುದನ್ನು ಬ್ಯಾಡಗಿಯ ಅಂಗಳದಲ್ಲಿ ನೋಡುವ ರೈತನಿಗೆ, ಕೊಡುವವರು ಪಡೆಯುವವರು ಇಬ್ಬರೂ ತೀರ್ಮಾನಿಸುವವರೆಗೆ ಕಾಯಬೇಕಾಗುತ್ತದೆ ಎಂಬುದು ನಮಗಿಂತ ಚೆನ್ನಾಗಿ ತಿಳಿಯುತ್ತದೆ. “ಸುದ್ದಿ ಬಂದ ತಾಸಿನೊಳಗ ನಾನ ಫೋನ್ ಮಾಡ್ತೀನಿ ಅಪ್ಪಾ, ಅಲ್ಲಿತನಕ ಬ್ಯಾರೆ ಮಾತಾಡೋಣು” ಎಂದು ಕೇಳಿಕೊಳ್ಳಿ. ಸಂಬಂಧಿಕರ ಪ್ರಶ್ನೆಗಳನ್ನು ಅವರೇ ತಡೆಯುತ್ತಾರೆ. ಊಟ, ನಿದ್ದೆ ಬಹಳ ಕೆಟ್ಟರೆ ಸಂಕೋಚಪಡದೆ ವೈದ್ಯರನ್ನು ಕಾಣಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಹೊರರೋಗಿ ವಿಭಾಗವಿದೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಅಪ್ಪನ ಜೊತೆ ಮಾತನಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಸಲದ ಡಬ್ಬಿ ತಳಿಯ ಮೆಣಸಿನಕಾಯಿಯ ದರದ ಬಗ್ಗೆ ಹೇಳತೊಡಗಿದರು. ಸಂಯೋಜಕರಿಗೆ ಏನೆಂದು ಬರೆಯಬೇಕು ಎಂಬುದನ್ನು ಗದಗದ ಅಣ್ಣನವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಗದಗದ ಸಂಶೋಧಕ

ನಾಲ್ಕು ಸಾಲು ಸಾಕು. ಯಾವ ಕಾರ್ಯಕ್ರಮಕ್ಕೆ ಅರ್ಜಿ ಹಾಕಿದ್ದೀರಿ, ಸಂದರ್ಶನ ಯಾವಾಗ ಯಾರೊಂದಿಗೆ ಆಯಿತು, ಆಸಕ್ತಿ ಹಾಗೆಯೇ ಇದೆ, ಅರ್ಜಿ ಕಾಯುವ ಪಟ್ಟಿಯಲ್ಲಿದೆಯೇ ಎಂದು ತಿಳಿಸಲು ಸಾಧ್ಯವೇ, ಇಷ್ಟೇ ಕೇಳಿ. ಬೇರೆ ಕಡೆಯಿಂದ ಪ್ರವೇಶ ಬಂದಿದ್ದರೆ ಅದರ ಕೊನೆಯ ದಿನಾಂಕವನ್ನೂ ಸೇರಿಸಿ. ವಿಷಯದ ಸಾಲಿನಲ್ಲಿ ಹೆಸರಿನ ಜೊತೆಗೆ ಅರ್ಜಿ ಸಂಖ್ಯೆಯಿರಲಿ. ಸೋಮವಾರ ಸಂಜೆ ಕಳುಹಿಸಿದರೆ ಅವರ ವಾರದ ಆರಂಭಕ್ಕೇ ತಲುಪುತ್ತದೆ.