ತೆಳುವಾದ ಲ್ಯಾಪ್‌ಟಾಪೋ, ದಪ್ಪಗಿದ್ದರೂ ಎಲ್ಲ ಸೌಲಭ್ಯಗಳಿರುವುದೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಿರಿಯರ ನೆನಪುಗಳನ್ನು ವಿಡಿಯೊದಲ್ಲಿ ದಾಖಲಿಸುವ ಕೆಲಸ ನನ್ನದು. ವಾರಕ್ಕೆ ನಾಲ್ಕೈದು ದಿನ ಕ್ಯಾಮೆರಾ, ಮೈಕು, ಲ್ಯಾಪ್‌ಟಾಪ್ ಮೂರನ್ನೂ ಒಂದೇ ಬೆನ್ನುಚೀಲದಲ್ಲಿ ತುಂಬಿಕೊಂಡು ಓಡಾಡುತ್ತೇನೆ. ಚಿತ್ರೀಕರಿಸಿದ್ದನ್ನು ಅಲ್ಲೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಮನೆಗೆ ಬಂದ ಮೇಲೆ ಸಂಕಲನ ಮಾಡುತ್ತೇನೆ. ಒಂದೊಂದು ಸಂದರ್ಶನವೂ ಸುಮಾರು ಒಂದು ಗಂಟೆಯದು.

ಈಗಿರುವ ಲ್ಯಾಪ್‌ಟಾಪಿಗೆ ಆರು ವರ್ಷವಾಗಿದೆ. ಪರದೆಯ ಕೀಲು ಸಡಿಲಗೊಂಡಿದ್ದು, ಗೋಡೆಗೆ ಆನಿಸದಿದ್ದರೆ ಪರದೆ ಹಿಂದಕ್ಕೆ ಬಾಗುತ್ತದೆ. ಹೊಸದಕ್ಕಾಗಿ ಹುಡುಕಿ ಕೊನೆಗೆ ಎರಡರಲ್ಲಿ ಬಂದು ನಿಂತಿದ್ದೇನೆ. ಒಂದು 14 ಇಂಚಿನದು, ತೂಕ 1.2 ಕೆ.ಜಿ., ಮೆಮೊರಿ 16 ಜಿಬಿ, ಪೋರ್ಟ್‌ಗಳೆಂದರೆ ಎರಡು ಯುಎಸ್‌ಬಿ-ಸಿ ಮಾತ್ರ. ಇನ್ನೊಂದು 16 ಇಂಚಿನದು, ತೂಕ 2.5 ಕೆ.ಜಿ., ಪ್ರತ್ಯೇಕ ಗ್ರಾಫಿಕ್ಸ್ ಚಿಪ್, ಮುಂದೆ ಮೆಮೊರಿ ಹೆಚ್ಚಿಸಿಕೊಳ್ಳಲು ಎರಡು ಸ್ಲಾಟ್, ಕ್ಯಾಮೆರಾದ ಎಸ್‌ಡಿ ಕಾರ್ಡ್, ಮಾನಿಟರಿಗೆ ಚಿತ್ರ ಕಳಿಸುವ ಎಚ್‌ಡಿಎಂಐ, ನೆಟ್‌ವರ್ಕ್ ಕೇಬಲ್ ಎಲ್ಲಕ್ಕೂ ಜಾಗವಿದೆ. ಎರಡು ವರ್ಷದಿಂದ ಬಲಭುಜದ ನೋವು ಬಿಟ್ಟಿಲ್ಲವಾದ್ದರಿಂದ ಮನಸ್ಸು ಮೊದಲನೆಯದರ ಕಡೆ ಎಳೆಯುತ್ತದೆ. ಆದರೆ ಕೊಂಡ ಮೇಲೆ ವಿಡಿಯೊ ಕೆಲಸಕ್ಕೆ ಸಾಲದೇ ಹೋದರೆ ಎಂಬ ಅಂಜಿಕೆಯೂ ಇದೆ. ಎರಡನ್ನೂ ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಅಂಜಿಕೆಗೆ ಕಾರಣವಿದೆ, ಆದರೆ ಅದು ನೀವು ಅಂದುಕೊಂಡಷ್ಟು ದೊಡ್ಡದಲ್ಲ ಎಂದು ನನ್ನ ಅಭಿಪ್ರಾಯ. ತೆಳು ಲ್ಯಾಪ್‌ಟಾಪಿನ ನಿಜವಾದ ಮಿತಿ ಇರುವುದು ಬಿಸಿಯನ್ನು ಹೊರಹಾಕುವುದರಲ್ಲಿ. ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ತೆಳು ಮೈಯೊಳಗೆ ದೊಡ್ಡ ಫ್ಯಾನಿಗಾಗಲಿ ದಪ್ಪ ತಾಮ್ರದ ಕೊಳವೆಗಾಗಲಿ ಜಾಗವಿಲ್ಲದ ಕಾರಣ, ಶಾಖ ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಒಂದೇ ವಿಡಿಯೊವನ್ನು ಎರಡು ಬಗೆಯ ಲ್ಯಾಪ್‌ಟಾಪಿನಲ್ಲೂ ಹಾಕಿ ನೋಡಿದ್ದೇನೆ. ಮೊದಲ ಎರಡು ಮೂರು ನಿಮಿಷ ಎರಡೂ ಸರಿಸಮನಾಗಿ ಓಡಿದವು. ಆಮೇಲೆ ತೆಳುವಾದದ್ದರ ಕೀಬೋರ್ಡಿನ ಮೇಲ್ಸಾಲು ಬೆರಳಿಡಲಾಗದಷ್ಟು ಕಾದು, ಅಲ್ಲಿಂದ ಮುಂದೆ ಅದು ಹಿಂದೆ ಬೀಳುತ್ತಲೇ ಹೋಯಿತು.

ಆದ್ದರಿಂದ ಚಿಪ್ಪಿನ ಹೆಸರನ್ನಷ್ಟೇ ನೋಡಿ ಮರುಳಾಗಬೇಡಿ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪನ್ನೇ ತೆಗೆದುಕೊಂಡರೆ, ತಯಾರಕರು ಅದನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟಕ್ಕೆ ಬೇಕಾದರೂ ಹೊಂದಿಸಬಹುದು. ಎರಡು ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೂ ಅದೇ ಹೆಸರಿರುತ್ತದೆ, ಒಳಗಿನ ಬಲ ಮಾತ್ರ ಬೇರೆ.

ಆದರೂ ತೆಳುವಾದದ್ದು ಸಾಲುತ್ತದೆ ಎನ್ನಲು ಕಾರಣವಿದೆ. ಎದುರು ಕುಳಿತು ಮಾತಾಡುವವರ ವಿಡಿಯೊದಲ್ಲಿ ಮೂರು ಆಯಾಮದ ಗ್ರಾಫಿಕ್ಸ್ ಆಗಲಿ ಭಾರೀ ಎಫೆಕ್ಟ್‌ಗಳಾಗಲಿ ಇರುವುದಿಲ್ಲ. ಕತ್ತರಿಸುವುದು, ಜೋಡಿಸುವುದು, ಬಣ್ಣ ಮತ್ತು ಧ್ವನಿ ತಿದ್ದುವುದು, ಕೊನೆಗೆ ಸಿದ್ಧ ವಿಡಿಯೊ ಫೈಲಾಗಿ ಹೊರತೆಗೆಯುವುದು, ಇಷ್ಟೇ ಕೆಲಸ. ಕುಗ್ಗಿಸಿಟ್ಟ ವಿಡಿಯೊ ಬಿಡಿಸಿ ಮತ್ತೆ ಕಟ್ಟಲೆಂದೇ ಇಂಟೆಲ್ 2011ರಿಂದ ತನ್ನ ಪ್ರೊಸೆಸರ್‌ಗಳೊಳಗೆ ಪ್ರತ್ಯೇಕ ಭಾಗವೊಂದನ್ನು ಇಡುತ್ತಾ ಬಂದಿದೆ. 2020ರಲ್ಲಿ ಬಂದ ಆಪಲ್‌ನ ಎಂ1 ಚಿಪ್ಪಿನಲ್ಲೂ ಅಂಥದ್ದಿದ್ದು, ಫ್ಯಾನೇ ಇಲ್ಲದ ಮ್ಯಾಕ್‌ಬುಕ್ ಏರ್ ಇಂಥ ಸಂಕಲನವನ್ನು ಸಲೀಸಾಗಿ ಮಾಡುತ್ತದೆ. ಒಂದು ಎಚ್ಚರಿಕೆ: ನಿಮ್ಮ ಕ್ಯಾಮೆರಾ ಯಾವ ಮಾದರಿಯಲ್ಲಿ ಬರೆಯುತ್ತದೆ ಎಂದು ನೋಡಿಕೊಳ್ಳಿ. ವಿಡಿಯೊ ಕುಗ್ಗಿಸುವ ಎಚ್.264 ಎಂಬ ವಿಧಾನದ ಸಾಮಾನ್ಯ 8 ಬಿಟ್ ವಿಡಿಯೊ ಎಲ್ಲ ಚಿಪ್‌ಗಳಿಗೂ ಸುಲಭ. ಅದೇ ಬಣ್ಣದ ವಿವರ ಹೆಚ್ಚಿರುವ 10 ಬಿಟ್ 4:2:2 ಆದರೆ ಹಲವು ಚಿಪ್‌ಗಳಿಗೆ ಆ ಪ್ರತ್ಯೇಕ ಭಾಗದ ನೆರವು ಸಿಗುವುದಿಲ್ಲ, ದೊಡ್ಡ ಲ್ಯಾಪ್‌ಟಾಪೂ ತಡವರಿಸುತ್ತದೆ.

ಉತ್ತರ 2

ಮೇಲಿನವರ ಮಾತು ಸರಿಯಾಗಿದೆ, ಆದರೆ ನನ್ನ ಚಿಂತೆ ಪೋರ್ಟ್‌ಗಳದ್ದು. ಹಳೆಯ ಕಡತಗಳ ಛಾಯಾಚಿತ್ರ ತೆಗೆಯುವ ನಾನು ನಾಲ್ಕು ವರ್ಷದ ಹಿಂದೆ ಹಗುರವೆಂಬ ಒಂದೇ ಕಾರಣಕ್ಕೆ ಬರೀ ಯುಎಸ್‌ಬಿ-ಸಿ ಇರುವ ಲ್ಯಾಪ್‌ಟಾಪ್ ಕೊಂಡೆ. ಒಂದು ಬೆಳಿಗ್ಗೆ ಕಾರ್ಡ್ ರೀಡರ್ ಮೇಜಿನ ಮೇಲೆಯೇ ಉಳಿದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಕ್ಯಾಮೆರಾದ ಕಾರ್ಡ್ ತುಂಬಿತು. ಲ್ಯಾಪ್‌ಟಾಪಿನಲ್ಲಿ ಬೇಕಾದಷ್ಟು ಜಾಗವಿದ್ದರೂ ಇಳಿಸಿಕೊಳ್ಳುವ ದಾರಿಯಿಲ್ಲದೆ, ಒಂದು ದಿನಕ್ಕೆಂದು ತೆರೆದಿಟ್ಟಿದ್ದ ಕಡತದ ಕೊನೆಯ ಮೂವತ್ತು ಪುಟಗಳು ನನ್ನ ಕೈತಪ್ಪಿದವು. ಎದುರಿಗಿರುವುದು ಕಾಗದವಲ್ಲ, ಎಂಬತ್ತು ದಾಟಿದ ಹಿರಿಯರು ಎಂದಾದರೆ ಆ ನಷ್ಟ ಇನ್ನೆಷ್ಟು ದೊಡ್ಡದೆಂದು ನಾನು ಹೇಳಬೇಕಿಲ್ಲ.

ತಯಾರಕರೂ ಇದನ್ನು ಕಂಡುಕೊಂಡಿದ್ದಾರೆ. ಆಪಲ್ 2016ರಲ್ಲಿ ಮ್ಯಾಕ್‌ಬುಕ್ ಪ್ರೊದಿಂದ ಎಸ್‌ಡಿ ಕಾರ್ಡ್ ಮತ್ತು ಎಚ್‌ಡಿಎಂಐ ಎರಡನ್ನೂ ತೆಗೆದುಹಾಕಿತ್ತು. 2021ರಲ್ಲಿ ಎರಡನ್ನೂ ವಾಪಸು ತಂದಿತು, ಆ ವರ್ಷದ 16 ಇಂಚಿನದು ಹಿಂದಿನದಕ್ಕಿಂತ ತುಸು ದಪ್ಪವಾಗಿಯೂ ಭಾರವಾಗಿಯೂ ಬಂತು. ವೃತ್ತಿಯಲ್ಲಿರುವವರಿಗೆ ಕೆಲವು ಗ್ರಾಂ ತೂಕಕ್ಕಿಂತ ಕಾರ್ಡ್ ಹಾಕುವ ಜಾಗ ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಬೇಕಿಲ್ಲ. ಹಾಗೆಂದು 2.5 ಕೆ.ಜಿ.ಯದನ್ನೇ ಕೊಳ್ಳಿ ಎನ್ನುತ್ತಿಲ್ಲ. ಒಂದೂವರೆ ಕೆ.ಜಿ.ಯ ಆಸುಪಾಸಿನಲ್ಲಿ, ಪೂರ್ಣ ಗಾತ್ರದ ಎಸ್‌ಡಿ ಸ್ಲಾಟ್ ಇರುವ ಲ್ಯಾಪ್‌ಟಾಪ್‌ಗಳೂ ಇವೆ. ನಿಮ್ಮ ಪಟ್ಟಿಗೆ ಮೂರನೆಯದೊಂದನ್ನು ಸೇರಿಸಿಕೊಳ್ಳಿ.

ಉತ್ತರ 3

ಇಲ್ಲಿ ಯಾರೂ ಚಾರ್ಜರ್ ವಿಷಯ ಎತ್ತಲಿಲ್ಲ. ದೊಡ್ಡ ಲ್ಯಾಪ್‌ಟಾಪ್ ಹೊತ್ತು ಮೂರು ವರ್ಷ ತಿರುಗಿದವನು ನಾನು. ಅಡುಗೆಮನೆಯ ತಕ್ಕಡಿಯ ಮೇಲೆ ಇಟ್ಟು ನೋಡಿದಾಗ ಅದರ 230 ವ್ಯಾಟ್ ಚಾರ್ಜರ್ ತಂತಿಸಮೇತ 780 ಗ್ರಾಂ ತೂಗಿತು. ಈಗಿನ ಹಗುರ ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರ್ 210 ಗ್ರಾಂ ಇದೆ. ನಿಮ್ಮ ಲೆಕ್ಕಕ್ಕೆ ಇದನ್ನೂ ಕೂಡಿಸಿದರೆ ವ್ಯತ್ಯಾಸ 1.3 ಕೆ.ಜಿ. ಅಲ್ಲ, ಹತ್ತಿರ ಹತ್ತಿರ 1.9 ಕೆ.ಜಿ. ದೊಡ್ಡದರ ಚಾರ್ಜರನ್ನು ಮನೆಯಲ್ಲಿ ಬಿಟ್ಟು ಹೋಗುವ ಹಾಗೂ ಇಲ್ಲ, ಏಕೆಂದರೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಎಚ್ಚೆತ್ತರೆ ಬ್ಯಾಟರಿ ಬೇಗ ಬರಿದಾಗುತ್ತದೆ.

ದಪ್ಪ ಲ್ಯಾಪ್‌ಟಾಪೆಂದರೆ ದೊಡ್ಡ ಬ್ಯಾಟರಿ, ಹೆಚ್ಚು ಹೊತ್ತು ಬಾಳಿಕೆ ಎಂದು ಬಹಳ ಜನ ನಂಬಿದ್ದಾರೆ. ಆದರೆ 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ವಿದ್ಯುತ್ತಿನ ಅಳತೆ) ಮೀರಿದ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯಲು ವಿಮಾನ ಸಂಸ್ಥೆಯ ಒಪ್ಪಿಗೆ ಬೇಕಾಗುವುದರಿಂದ, ಸಾಮಾನ್ಯವಾಗಿ ಎಷ್ಟೇ ದಪ್ಪಗಿರುವ ಲ್ಯಾಪ್‌ಟಾಪಿನ ಬ್ಯಾಟರಿಯೂ ಆ ಗೆರೆಯೊಳಗೇ ಉಳಿಯುತ್ತದೆ. ಅದರಾಚೆ ನಿರ್ಧಾರವಾಗುವುದು ಯಾವುದು ಎಷ್ಟು ಕುಡಿಯುತ್ತದೆ ಎಂಬುದರ ಮೇಲೆ, ಅಲ್ಲಿ ಹಗುರವಾದದ್ದೇ ಗೆಲ್ಲುತ್ತದೆ.

ಒಂದು ವಿಷಯದಲ್ಲಿ ಮಾತ್ರ ದೊಡ್ಡದರ ಪರ ಒಪ್ಪಲೇಬೇಕು. ಬಹುಪಾಲು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇಂದು 16 ಜಿಬಿ ಕೊಂಡರೆ ಐದು ವರ್ಷವಾದ ಮೇಲೂ ಅದು 16 ಜಿಬಿಯೇ. ಸಂಕಲನದ ಕೆಲಸಕ್ಕೆ ಅದು ಈಗಲೇ ಬಿಗಿ, ಹಾಗಾಗಿ ತೆಳುವಾದದ್ದನ್ನು ಕೊಳ್ಳುವುದಾದರೆ 32 ಜಿಬಿಯದನ್ನೇ ಕೊಳ್ಳಿ. ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೂ ಚಿಂತೆಯಿಲ್ಲ, ಇದರಲ್ಲಿ ರಾಜಿ ಬೇಡ. ಫೈಲುಗಳನ್ನು ಉಳಿಸಿಡುವ ಎಸ್‌ಎಸ್‌ಡಿಯನ್ನು ಬಿಚ್ಚಿ ಬದಲಿಸಲು ಬರುತ್ತದೆಯೇ ಎಂದೂ ವಿಚಾರಿಸಿ, ಹಲವು ತೆಳು ಮಾದರಿಗಳಲ್ಲಿ ಅದಕ್ಕೆ ಅವಕಾಶವಿದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕ್ಯಾಮೆರಾದ ಸೆಟ್ಟಿಂಗ್ ನೋಡಿದೆ, ಅದು ಎಚ್.264ರಲ್ಲಿ 8 ಬಿಟ್ ವಿಡಿಯೊವನ್ನೇ ಬರೆಯುತ್ತಿದೆ. ವಿಡಿಯೊ ಹೊರತೆಗೆಯುವ ಕೆಲಸವನ್ನು ನಾನು ಮಲಗುವ ಮುನ್ನ ಹಚ್ಚಿ ಬಿಡುತ್ತೇನೆ, ಬೆಳಗ್ಗೆ ಏಳುವುದರೊಳಗೆ ಮುಗಿದಿದ್ದರೆ ಸಾಕು. ಅದು ಇಪ್ಪತ್ತು ನಿಮಿಷ ತಗೊಂಡರೇನು, ಐವತ್ತು ತಗೊಂಡರೇನು. ನಿನ್ನೆ ಮತ್ತು ಇಂದು ಚೀಲದಲ್ಲಿ ಲ್ಯಾಪ್‌ಟಾಪ್ ಮತ್ತು ಚಾರ್ಜರಿನ ಬದಲು ತೂಕ ಮಾಡಿದ ಪುಸ್ತಕಗಳನ್ನಿಟ್ಟು ನಡೆದೆ. ನಿನ್ನೆ 3.3 ಕೆ.ಜಿ., ಇಂದು 1.7 ಕೆ.ಜಿ. ನಿನ್ನೆ ಮೂರನೆಯ ಮನೆಯ ಮೆಟ್ಟಿಲು ಹತ್ತುವಾಗ ಚೀಲವನ್ನು ಎಡಭುಜಕ್ಕೆ ಬದಲಿಸಬೇಕಾಯಿತು, ಇಂದು ಅದರ ನೆನಪೇ ಬರಲಿಲ್ಲ. ಎಸ್‌ಡಿ ಸ್ಲಾಟ್, 32 ಜಿಬಿ ಮೆಮೊರಿ ಎರಡೂ ಇರುವ, 1.4 ಕೆ.ಜಿ. ತೂಕದ ಒಂದನ್ನು ಆಯ್ದುಕೊಂಡಿದ್ದೇನೆ.

ಕೊನೆಯದಾಗಿ ಒಂದು ಸಂದೇಹ. ಮನೆಯಲ್ಲಿ ಸಂಕಲನಕ್ಕೆ ದೊಡ್ಡ ಮಾನಿಟರ್ ಇಟ್ಟುಕೊಳ್ಳಬೇಕೆಂದಿದ್ದೇನೆ. ಚಾರ್ಜಿಂಗ್ ಮತ್ತು ಚಿತ್ರ ಎರಡಕ್ಕೂ ಒಂದೇ ಯುಎಸ್‌ಬಿ-ಸಿ ಕೇಬಲ್ ಸಾಕಾಗುತ್ತದೆಯೇ?

ಉತ್ತರ 1 ಬರೆದವರು

ಸಾಕಾಗುತ್ತದೆ, ಆದರೆ ಮೂರನ್ನು ಪರೀಕ್ಷಿಸಿಕೊಳ್ಳಿ. ಲ್ಯಾಪ್‌ಟಾಪಿನ ಆ ಪೋರ್ಟ್ ಚಿತ್ರವನ್ನೂ ಹೊರಗೆ ಕಳಿಸುವಂಥದ್ದಾಗಿರಬೇಕು. ನೋಡಲು ಒಂದೇ ತೆರನಾಗಿದ್ದರೂ ಎಲ್ಲ ಯುಎಸ್‌ಬಿ-ಸಿ ಪೋರ್ಟ್‌ಗಳಿಗೂ ಆ ಶಕ್ತಿ ಇರುವುದಿಲ್ಲ. ಮಾನಿಟರ್ ತನ್ನ ಯುಎಸ್‌ಬಿ-ಸಿ ಪೋರ್ಟಿನಿಂದ ನಿಮ್ಮ ಲ್ಯಾಪ್‌ಟಾಪಿಗೆ ಬೇಕಾದಷ್ಟು, ಎಂದರೆ ಕನಿಷ್ಠ 65 ವ್ಯಾಟ್ ವಿದ್ಯುತ್ತನ್ನು ಕೊಡುವಂತಿರಬೇಕು. ಇನ್ನು ಕೇಬಲ್: ಫೋನ್ ಚಾರ್ಜರಿನೊಡನೆ ಬರುವ ತೆಳು ಕೇಬಲ್ಲಿನಲ್ಲಿ ಸಾಮಾನ್ಯವಾಗಿ ಚಿತ್ರ ಸಾಗುವುದಿಲ್ಲ, ಮಾನಿಟರಿನ ಪೆಟ್ಟಿಗೆಯೊಳಗೆ ಬಂದದ್ದನ್ನೇ ಬಳಸಿ.