ಸೂಪರ್‌ವೈಸರ್ ಇಲ್ಲದೆ ಶಿಫ್ಟ್ ನಡೆಯುತ್ತಾ?

ಹೆಬ್ಬಾಳ ಶಿಫ್ಟ್: ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಸಿಎನ್‌ಸಿ ಶಾಪ್‌ನಲ್ಲಿದ್ದೇನೆ, ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮೆಷಿನ್‌ಗಳ ಕೆಲಸ. ಸೂಪರ್‌ವೈಸರ್ ಕೆಲಸ ಬಿಟ್ಟ ಮೇಲೆ ಓನರ್ ಬೇರೆಯವರನ್ನು ತಗೊಳ್ಳಲಿಲ್ಲ. "ನಿಮ್ಮ ಮೇಲೆ ನಂಬಿಕೆ ಇದೆ, ನಾಲ್ಕು ಜನ ಸೇರಿ ನಡೆಸಿ" ಅಂದರು. ಮೆಷಿನ್ ಸೆಟ್ಟಿಂಗ್ ಒಬ್ಬರಿಗೆ, ಇನ್‌ಸ್ಪೆಕ್ಷನ್ ಇನ್ನೊಬ್ಬರಿಗೆ ಅಂತ ಹಂಚಿಕೊಂಡಿದ್ದೇವೆ. ಜೊತೆಯವರು ಖುಷಿಯಾಗಿದ್ದಾರೆ, ನನಗೆ ಅನುಮಾನ. ನೀವೇನಂತೀರಿ?

ಮದ್ದೂರು ಮಾವ: ಒಂದು ಸಂಬಳ ಉಳೀತು, ಅದಕ್ಕೆ ನಂಬಿಕೆ ಅಂತ ಹೆಸರು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರಪ್ಪ?

ಕುವೆಂಪುನಗರ ಎಚ್‌ಆರ್: ಅಷ್ಟು ಬೇಗ ತಳ್ಳಿಹಾಕಬೇಡಿ ಸರ್. ಕಾರ್ಸನ್, ಟೆಸ್ಲಕ್, ಮರೋನ್ ಅಂತ ಮೂವರು ಸಂಶೋಧಕರು 59 ಕನ್ಸಲ್ಟಿಂಗ್ ತಂಡಗಳನ್ನು ಅಧ್ಯಯನ ಮಾಡಿ 2007ರಲ್ಲಿ ಬರೆದರು. ಮುಂದಾಳತ್ವ ಹೆಚ್ಚು ಹಂಚಿಕೊಂಡ ತಂಡಗಳ ಕೆಲಸಕ್ಕೆ ಗ್ರಾಹಕರು ಜಾಸ್ತಿ ಅಂಕ ಕೊಟ್ಟಿದ್ದರು. ಆ ತಂಡಗಳಲ್ಲಿ ಗುರಿ ಒಂದೇ ಇತ್ತು, ಒಬ್ಬರಿಗೊಬ್ಬರು ಆಸರೆಯಾಗಿದ್ದರು, ಎಲ್ಲರ ಮಾತಿಗೂ ಬೆಲೆ ಇತ್ತು.

ಮದ್ದೂರು ಮಾವ: ಅವರು ಎಂಬಿಎ ಓದುತ್ತಿದ್ದ ಹುಡುಗರು ಅಲ್ವಾ ಮೇಡಂ? ರಿಜೆಕ್ಟ್ ಆದ ಪೀಸಿನ ದುಡ್ಡು ಅವರ ಸಂಬಳದಲ್ಲಿ ಕಟ್ ಆಗಲ್ಲ.

ಲೈನ್ ಮ್ಯಾನ್: ಟೊಯೋಟಾ ಪದ್ಧತಿ ನೋಡಿ. ತೊಂದರೆ ಕಂಡರೆ ಗಾಡಿ ಜೋಡಿಸುವ ಲೈನ್‌ನಲ್ಲಿರುವ ಯಾರು ಬೇಕಾದರೂ ಆಂಡಾನ್ ಅನ್ನೋ ಎಚ್ಚರಿಕೆ ಹಗ್ಗ ಎಳೆಯಬಹುದು. ಎಳೆದ ಕೂಡಲೇ ಲೈನ್ ನಿಲ್ಲಲ್ಲ. ದೀಪ ಹತ್ತುತ್ತದೆ, ಟೀಂ ಲೀಡರ್ ಬರುತ್ತಾರೆ. ಗಾಡಿ ಗೊತ್ತುಮಾಡಿದ ಜಾಗಕ್ಕೆ ಬರುವಷ್ಟರಲ್ಲಿ ಸರಿಹೋಗದಿದ್ದರೆ ಮಾತ್ರ ನಿಲ್ಲುತ್ತದೆ. ಅಂದರೆ ಹಗ್ಗ ಎಲ್ಲರ ಕೈಗೂ ಸಿಗುತ್ತದೆ, ಲೀಡರ್ ಕೂಡ ಇದ್ದಾರೆ. ನಿಮ್ಮಲ್ಲಿ ಯಾರನ್ನೂ ಕೇಳದೆ ಮೆಷಿನ್ ನಿಲ್ಲಿಸಬಹುದಾ?

ಹೆಬ್ಬಾಳ ಶಿಫ್ಟ್: ಸಮಸ್ಯೆ ಅಲ್ಲೇ ಇರೋದು. ಮೊನ್ನೆ ನೈಟ್ ಶಿಫ್ಟ್‌ನಲ್ಲಿ ಇನ್ಸರ್ಟ್, ಅಂದರೆ ಕತ್ತರಿಸುವ ತುದಿ, ಸವೆದು ಪೀಸಿನ ಬೋರ್ (ತೂತು) ಸೈಜ್ ಟಾಲರೆನ್ಸ್ ಅಂಚಿಗೆ, ಅಂದರೆ ಒಪ್ಪುವ ಅಳತೆಯ ಕೊನೆಗೆ, ಬಂದಿತ್ತು. ಗೇಜ್ ಹಾಕಿ ಅಳತೆ ನೋಡಿದವನು ತಕ್ಷಣ ಮೆಷಿನ್ ನಿಲ್ಲಿಸಿದ. ಇನ್ಸರ್ಟ್ ಬದಲಾಯಿಸಿ, ಆಫ್‌ಸೆಟ್ ಕೊಟ್ಟು (ಮೆಷಿನ್‌ನಲ್ಲಿ ಅಳತೆ ತಿದ್ದಿ), ಮೊದಲ ಪೀಸ್ ಚೆಕ್ ಮಾಡಿ ಮತ್ತೆ ಓಡಿಸಿದ. ಒಂದೂ ರಿಜೆಕ್ಷನ್ ಇಲ್ಲ. ಬೆಳಿಗ್ಗೆ ಓನರ್ ಕೇಳಿದ್ದು, "ಕೌಂಟ್ ಯಾಕೆ ಕಮ್ಮಿ? ನಿಲ್ಲಿಸು ಅಂತ ಯಾರು ಹೇಳಿದ್ದು?" ಈಗ ಏನಾದರೂ ಆದರೆ ಎಲ್ಲರೂ ಮೊದಲು ಅವರಿಗೇ ಫೋನ್ ಮಾಡುತ್ತಾರೆ. ಅವರು ಎತ್ತುವವರೆಗೆ ಮೆಷಿನ್ ಓಡುತ್ತಲೇ ಇರುತ್ತದೆ.

ಕುವೆಂಪುನಗರ ಎಚ್‌ಆರ್: ಛೆ. ಏಮಿ ಎಡ್ಮಂಡ್‌ಸನ್ ಅನ್ನೋ ಸಂಶೋಧಕಿ ಆಸ್ಪತ್ರೆಗಳಲ್ಲಿ ನೋಡಿದಾಗ ಒಳ್ಳೆಯ ತಂಡಗಳಲ್ಲೇ ತಪ್ಪುಗಳ ವರದಿ ಜಾಸ್ತಿ ಇತ್ತು. ಅಲ್ಲಿ ಬಾಯಿಬಿಟ್ಟು ಹೇಳೋಕೆ ಹೆದರಿಕೆ ಇರಲಿಲ್ಲ. ನಿಮ್ಮ ಓನರ್ ಒಂದೇ ಪ್ರಶ್ನೆಯಲ್ಲಿ ಎಲ್ಲರ ಬಾಯಿ ಮುಚ್ಚಿಸಿದ್ದಾರೆ.

ಲೈನ್ ಮ್ಯಾನ್: ಜವಾಬ್ದಾರಿ ಮಾತ್ರ ಹಂಚಿದ್ದಾರೆ, ಅಧಿಕಾರ ಅವರ ಹತ್ತಿರವೇ ಇದೆ.

ಮದ್ದೂರು ಮಾವ: ಮೆಷಿನ್ ನಿಲ್ಲಿಸೋ ಹಕ್ಕು ಶಿಫ್ಟಿನವರದ್ದು ಅಂತ ಬರೆಸಿಕೊಳ್ಳಿ. ಹಾಗೇ ಸೂಪರ್‌ವೈಸರ್ ಸಂಬಳದಲ್ಲಿ ಪಾಲೂ ಕೇಳಿ.

ಹೆಬ್ಬಾಳ ಶಿಫ್ಟ್: ಮೊದಲನೆಯದನ್ನು ಸೋಮವಾರ ಕೇಳುತ್ತೇವೆ. ಎರಡನೆಯದಕ್ಕೆ ನೀವೇ ಬರಬೇಕು ಮಾವ.