ಗುಂಪಲ್ಲಿ ಗೋವಿಂದ

ಓಬಿ ಅಸೈನ್‌ಮೆಂಟ್ ಕೊಡಲು ಒಂದೇ ದಿನ ಬಾಕಿ ಇತ್ತು. ಕೋಲಾರದ ಕ್ಲಾಕ್ ಟವರ್ ಹತ್ತಿರ ನಾವು ನಾಲ್ಕು ಜನ ಟೀ ಹಿಡಿದು ನಿಂತಿದ್ದೆವು. ಓಬಿ ಅಂದರೆ ಆರ್ಗನೈಸೇಶನಲ್ ಬಿಹೇವಿಯರ್. ಕೆಲಸದ ಜಾಗದಲ್ಲಿ ಜನ ಯಾಕೆ ಹಾಗೆ ಆಡುತ್ತಾರೆ ಅಂತ ಬಿಬಿಎಯಲ್ಲಿ ಓದುವ ಪೇಪರ್. ನಮ್ಮಜ್ಜಿ ಮಾತ್ರ ಇವತ್ತಿಗೂ ಅದನ್ನು ಒನಕೆ ಓಬವ್ವನ ಪಾಠ ಅಂದುಕೊಂಡಿದ್ದಾರೆ.

ನಮ್ಮ ಪಾಲಿಗೆ ಬಂದಿದ್ದ ಟಾಪಿಕ್ಕು ಸೋಶಿಯಲ್ ಲೋಫಿಂಗ್. ಗುಂಪು ಸೇರಿದಾಗ ಬರುವ ಮೈಗಳ್ಳತನ.

"ಎಷ್ಟು ಪೇಜ್ ಆಯ್ತು?" ಸೀನ ಕೇಳಿದ.

"ಹನ್ನೆರಡು. ಹನ್ನೆರಡೂ ನಾನೇ ಬರೆದಿದ್ದು," ಅಂದಳು ಶಿಲ್ಪಾ.

"ಹೌದಮ್ಮಾ, ನಾವು ಸುಮ್ನೆ ಕೂತಿಲ್ಲ ಅಂದಿದ್ರೆ ನಿನಗೆ ಉದಾಹರಣೆ ಎಲ್ಲಿ ಸಿಗ್ತಿತ್ತು?" ಅಂದ ಮಂಜ.

ಅವಳು ಟೀ ಲೋಟ ಕೆಳಗಿಟ್ಟಳು. ಇನ್ನು ಪಾಠ ಶುರು ಅಂತ ಗೊತ್ತಾಯಿತು.

"ಫ್ರಾನ್ಸ್‌ನಲ್ಲಿ ರಿಂಗೆಲ್‌ಮನ್ ಅಂತ ಒಬ್ಬ ಕೃಷಿ ಎಂಜಿನಿಯರ್ ಇದ್ದ. ಜನರ ಕೈಲಿ ಹಗ್ಗ ಎಳೆಸಿ ಬಲ ಅಳೆದ. ಅದನ್ನ 1913ರಲ್ಲಿ ಅಚ್ಚು ಹಾಕಿಸಿದ. ಒಬ್ಬನೇ ಎಳೆದಾಗ ನೂರು ಅಂತ ಇಟ್ಕೊ. ಎಂಟು ಜನ ಸೇರಿದಾಗ ತಲೆಗೆ ಬಿದ್ದಿದ್ದು ಬರೀ 49."

"ಪಾಪ, ಒಬ್ಬ ಎಳೆಯೋ ಹೊತ್ತಿಗೆ ಇನ್ನೊಬ್ಬ ಉಸಿರು ಬಿಡ್ತಿರ್ತಾನೆ. ತೇರು ಎಳೆಯೋವಾಗ ನೋಡಿಲ್ವಾ?" ಮಂಜ ಎಂಟು ಜನರ ಪರವಾಗಿ ವಕಾಲತ್ತು ವಹಿಸಿದ.

"ಅದೂ ಇದೆ ಕಣೋ. ಅದಕ್ಕೇ 1974ರಲ್ಲಿ ಇಂಗಮ್ ಮತ್ತು ಜೊತೆಯವರು ಒಂದು ಉಪಾಯ ಮಾಡಿದ್ರು. ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ ಹಗ್ಗದ ಮುಂದೆ ನಿಲ್ಲಿಸಿದ್ರು. ಹಿಂದಿದ್ದವರೆಲ್ಲಾ ಎಳೆಯೋ ನಾಟಕ ಮಾತ್ರ. ಮುಂದಿನವನು ಆಗಲೂ ಕೈ ಸಡಿಲ ಬಿಟ್ಟ. ಹಿಂದೆ ಜನ ಇದಾರೆ ಅನ್ನೋ ಧೈರ್ಯ ಸಾಕಾಯ್ತು. ಆಮೇಲೆ 1979ರಲ್ಲಿ ಅಮೆರಿಕದ ಲಟಾನೆ ಮತ್ತು ಜೊತೆಯವರು ಜನರಿಂದ ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದ್ರು. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರ ಸದ್ದು ಕಮ್ಮಿ."

ಇಷ್ಟಕ್ಕೆ ಸೀನನ ಮುಖ ಅರಳಿತು. ಮನುಷ್ಯನ ಅಗತ್ಯಗಳನ್ನು ಐದು ಮೆಟ್ಟಿಲಾಗಿ ತೋರಿಸುವ ಮಾಸ್ಲೋ ಪಿರಮಿಡ್ಡಿಗೆ ಐದು ಬಣ್ಣ ಹಾಕಿ ಮಾರ್ಕ್ಸ್ ತೆಗೆಯುವ ಹುಡುಗ ಅವನು. ಮಾಸ್ಲೋ 1943ರಲ್ಲಿ ಬರೆದ ಲೇಖನದಲ್ಲಿ ಪಿರಮಿಡ್ ಚಿತ್ರವೇ ಇಲ್ಲ ಅಂದಿದ್ದಕ್ಕೆ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದ.

"ಇದು ನನಗೇ ಆಗಿದೆ!" ಅಂದ. "ತಿರುಪತಿಗೆ ಹೊರಟಿದ್ವಿ. ಬಸ್ಸಲ್ಲಿ ಐವತ್ತು ಜನ. ಯಾರಾದ್ರೂ ಏಡುಕೊಂಡಲವಾಡಾ ಅಂದ್ರೆ ಎಲ್ಲಾ ಗೋವಿಂದಾ ಅನ್ನೋರು. ನಾನು ತುಟಿ ಮಾತ್ರ ಆಡಿಸ್ತಿದ್ದೆ. ಬಾಯಲ್ಲಿ ಚಕ್ಕುಲಿ ಇತ್ತು. ಮುಳಬಾಗಿಲಲ್ಲಿ ಎಲ್ಲಾ ಟೀಗೆ ಇಳಿದ್ರು. ಉಳಿದಿದ್ದು ನಾನು, ನಮ್ಮತ್ತೆ. ಅತ್ತೆ ನನ್ನ ಕಡೆ ತಿರುಗಿ ಏಡುಕೊಂಡಲವಾಡಾ ಅಂದ್ರು. ಆಗ ಕೂಗಿದೆ ನೋಡು, ಚಕ್ಕುಲಿ ಡ್ರೈವರ್ ಸೀಟಿಗೆ ಹೋಯ್ತು."

ಶಿಲ್ಪಾ ನಗುತ್ತಲೇ ಪೆನ್ನು ತೆಗೆದು ಬರೆದುಕೊಂಡಳು.

ನಾನೂ ಏನಾದರೂ ಹೇಳಬೇಕಲ್ಲ. ನಮ್ಮ ಚಿಕ್ಕಪ್ಪ ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಲಾರಿಗೆ ಲೋಡ್ ಮಾಡುವಾಗ ಹಮಾಲರಲ್ಲಿ ಯಾರೂ ಕಳ್ಳಾಟ ಆಡಲ್ವಾ ಅಂತ ಒಮ್ಮೆ ಕೇಳಿದ್ದೆ. ಅವರು ಪುಸ್ತಕದಿಂದ ತಲೆ ಎತ್ತದೆ, "ಬಾಕ್ಸ್ ಲೆಕ್ಕದಲ್ಲಿ ಕೂಲಿ ಕಣಯ್ಯ. ಹೆಸರಿನ ಮುಂದೆ ಗೀಟು ಬೀಳುತ್ತೆ. ಆಟ ಆಡಿದ್ರೆ ಅವನ ಗೀಟೇ ಕಮ್ಮಿ," ಅಂದಿದ್ದರು.

"ಅಯ್ಯೋ, ಇದೇ ಕಣೋ ಲಟಾನೆ ಜೊತೆಯವರು 1981ರಲ್ಲಿ ಕಂಡ್ಕೊಂಡಿದ್ದು!" ಶಿಲ್ಪಾ ಕುಣಿದಾಡಿಬಿಟ್ಟಳು. "ಯಾರ ಸದ್ದು ಎಷ್ಟು ಅಂತ ಬೇರೆ ಬೇರೆ ಗೊತ್ತಾಗುತ್ತೆ ಅಂದ ತಕ್ಷಣ ಎಲ್ಲರೂ ಗಂಟಲು ಹರ್ಕೊಂಡು ಕೂಗಿದ್ರು."

ಮಾರನೇ ದಿನ ಮೇಡಂ ಕೂಡ ಗೀಟು ಹಾಕಲು ಹೊರಟರು. ನಾಲ್ವರಿಗೂ ಒಂದೊಂದು ಚೀಟಿ ಕೊಟ್ಟು, "ಯಾರು ಎಷ್ಟು ಪರ್ಸೆಂಟ್ ಕೆಲಸ ಮಾಡಿದಿರಿ, ಬರೀರಿ," ಅಂದರು. ಸೀನ 40 ಅಂತ ಬರೆದ. ಚಕ್ಕುಲಿ ಅವನದೇ ಅಲ್ವಾ. ಮಂಜ 50. ಅದು ಯಾವ ಲೆಕ್ಕವೋ, ಅವನಿಗೇ ಗೊತ್ತು. ನಾನು ಸಂಕೋಚದಿಂದ 35 ಹಾಕಿದೆ. ಚಿಕ್ಕಪ್ಪನ ಜೊತೆಗೆ ಸ್ಟೇಪ್ಲರ್ ಕೂಡ ನನ್ನದೇ. ಶಿಲ್ಪಾ 90.

ಮೇಡಂ ಕೂಡಿಸಿದರು. ಇನ್ನೊಮ್ಮೆ ಕೂಡಿಸಿದರು. ಆಮೇಲೆ ಕನ್ನಡಕ ತೆಗೆದು ನಮ್ಮನ್ನೇ ನೋಡಿದರು.

"215 ಆಯ್ತು. ಮಿಕ್ಕ 115 ಪರ್ಸೆಂಟ್ ಯಾವ ಕಾಲೇಜಿನ ಅಸೈನ್‌ಮೆಂಟ್ ಮಾಡಿಕೊಟ್ರಪ್ಪಾ?"